ಗಡುವು ಮೀರಿ ಬಂದ ಸವಾಲು: ಮೈಸೂರು ಸೀಮೆಯ ಸರ್ಕಾರಿ ಗುತ್ತಿಗೆಗಳ ಇತಿಹಾಸದಲ್ಲಿ ಒಂದು ಪ್ರಶ್ನೆ

ಸರ್ಕಾರವು ತನಗೆ ಸೇರಿದ ಹಕ್ಕೊಂದನ್ನು ಹರಾಜಿನಲ್ಲಿ ಬಿಟ್ಟುಕೊಡುವಾಗಲೂ, ತನಗೆ ಬೇಕಾದ ಕೆಲಸವೊಂದನ್ನು ಟೆಂಡರಿನ ಮೂಲಕ ಗುತ್ತಿಗೆಗೆ ಕೊಡುವಾಗಲೂ ಎರಡು ಕಟ್ಟುಗಳನ್ನು ಹಾಕಿಕೊಳ್ಳುತ್ತದೆ. ಒಂದು ಹೊತ್ತಿನ ಕಟ್ಟು: ಇಂಥ ದಿನ, ಇಂಥ ಗಂಟೆಯೊಳಗೆ. ಇನ್ನೊಂದು ಸ್ಥಳದ ಕಟ್ಟು: ಇಂಥ ಕಚೇರಿಯಲ್ಲಿ, ಇಂಥ ಅಧಿಕಾರಿಯ ಸಮಕ್ಷಮದಲ್ಲಿ. ಗಡುವು ಕಳೆದ ಮೇಲೆ ಬರುವ ಸವಾಲು ಮೊದಲನೆಯ ಕಟ್ಟನ್ನು ಮುರಿಯುತ್ತದೆ; ಗುತ್ತಿಗೆಯ ವಿಚಾರವನ್ನು ಅದು ನಡೆಯಬೇಕಾದ ಎಡೆಯಿಂದ ಬೇರೆಡೆಗೆ ತಿರುಗಿಸುವ ಅಧಿಕಾರಿಯು ಎರಡನೆಯದನ್ನು ಮುರಿಯುತ್ತಾನೆ. ಇವೆರಡೂ ಬೇರೆಬೇರೆಯಾಗಿ ಕಾಣಿಸಿಕೊಳ್ಳುವುದು ಅಪರೂಪ. ಹೊರಗಿನವನು ತಡವಾಗಿ ಬಂದು ಬಾಗಿಲು ತಟ್ಟಿದರೆ ಒಳಗಿನವನೊಬ್ಬನು ಎದ್ದು ಅಗುಳಿ ತೆಗೆಯಲೇಬೇಕಷ್ಟೆ.

ಈ ಕ್ರಮಭಂಗವನ್ನು ಸಮರ್ಥಿಸುವವರ ಬಳಿ ಒಂದು ಬಲವಾದ ವಾದವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವುದು ಇತಿಹಾಸಕಾರನಿಗೆ ಉಚಿತವಲ್ಲ. ತಡವಾಗಿ ಬಂದವನು ಹೆಚ್ಚು ಹಣ ಕೊಡುವೆನೆನ್ನುತ್ತಾನೆ, ಅಥವಾ ಕಡಮೆ ಹಣಕ್ಕೆ ಕೆಲಸ ಮಾಡಿಕೊಡುವೆನೆನ್ನುತ್ತಾನೆ. ಬೊಕ್ಕಸಕ್ಕೆ ಲಾಭವಾಗುವಾಗ ಗಡಿಯಾರದ ಮುಳ್ಳನ್ನು ನೋಡುತ್ತ ಕುಳಿತುಕೊಳ್ಳುವುದು ಯಾವ ಜಾಣತನ? ಸಾರ್ವಜನಿಕ ಧನದ ರಕ್ಷಕನಾದ ಅಧಿಕಾರಿಯು ಆ ಲಾಭವನ್ನು ಬಿಟ್ಟುಕೊಟ್ಟರೆ ಕರ್ತವ್ಯಲೋಪವಾಗುವುದಿಲ್ಲವೆ? ಈ ಪ್ರಶ್ನೆಗೆ ಮೈಸೂರು ಸೀಮೆಯ ಇತಿಹಾಸದಲ್ಲಿ ಎರಡು ಉತ್ತರಗಳು ದೊರೆಯುತ್ತವೆ. ಒಂದು 1830ರ ಸುಮಾರಿಗೆ ದಂಗೆಯ ರೂಪದಲ್ಲಿ ಬಂದದ್ದು; ಇನ್ನೊಂದು 1954ರಲ್ಲಿ ಒಂದು ತೀರ್ಪಿನ ರೂಪದಲ್ಲಿ ಬಂದದ್ದು. ಪ್ರಕೃತ ಲೇಖನದಲ್ಲಿ ಇವೆರಡನ್ನು, ವಿಶೇಷವಾಗಿ ಎರಡನೆಯದನ್ನು, ಪರಿಶೀಲಿಸಲಾಗಿದೆ.

ಪ್ರಶ್ನೆಯು ಬಹು ಹಳೆಯದೆಂಬುದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರವೇ ಸಾಕ್ಷಿ. 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಈ ಗ್ರಂಥದ ಮೂಲವನ್ನು ಅಚ್ಚಿಗೆ ಕೊಟ್ಟು ಲೋಕದ ಕಣ್ಣಿಗೆ ಬೀಳಿಸಿದರೆಂಬುದನ್ನು ವಾಚಕರು ಬಲ್ಲರು. ಅದರಲ್ಲಿ ಮನೆ ಹೊಲಗಳ ಮಾರಾಟದ ಪ್ರಕರಣವೊಂದಿದೆ. ಮಾರುವವನು ನೆರೆಹೊರೆಯವರ ಎದುರಿನಲ್ಲಿ ಮೂರು ಬಾರಿ ಕೂಗಿ ಹೇಳಬೇಕು. ಕೊಳ್ಳುವವರು ಪೈಪೋಟಿಯಿಂದ ಬೆಲೆ ಏರಿಸಿದರೆ ಹಾಗೆ ಏರಿದ ಭಾಗವು ಸುಂಕದೊಡನೆ ರಾಜನ ಕೋಶಕ್ಕೆ ಸೇರಬೇಕು. ಒಡೆಯನಿಲ್ಲದ ಹೊತ್ತಿನಲ್ಲಿ ಸವಾಲು ಹಾಕಿದರೆ ಇಪ್ಪತ್ತನಾಲ್ಕು ಪಣಗಳ ದಂಡ. ಕೋಶಕ್ಕೆ ಹೆಚ್ಚು ಹಣ ಬರುವುದರಲ್ಲಿ ಕೌಟಿಲ್ಯನಿಗೆ ಇದ್ದ ಆಸಕ್ತಿ ಯಾವ ಅಬಕಾರಿ ಕಮೀಷನರಿಗೂ ಕಡಮೆಯದಲ್ಲ. ಆದರೂ ಮರೆಯಲ್ಲಿ ಏರಿದ ಬೆಲೆಯನ್ನು ಅವನು ಲಾಭವೆಂದು ಎಣಿಸಲಿಲ್ಲ, ಅಪರಾಧವೆಂದು ಎಣಿಸಿದನು.

ಕನ್ನಡನಾಡಿನಲ್ಲಿ ‘ಗುತ್ತಗೆ’ ಎಂಬ ಮಾತು ಶಾಸನಗಳಷ್ಟು ಹಳೆಯದು. ವಿಜಯನಗರದ ಕಾಲಕ್ಕೆ ಸುಂಕಗಳನ್ನು ಗುತ್ತಗೆಗೆ ಕೊಡುವುದು ಎಷ್ಟು ರೂಢವಾಗಿತ್ತೆಂದರೆ, ರಾಜಧಾನಿಯ ಒಂದು ಹೆಬ್ಬಾಗಿಲಿನ ಸುಂಕವೇ ವರ್ಷಕ್ಕೆ 12,000 ಪರದಾವುಗಳಿಗೆ ಗುತ್ತಗೆಯಾಗಿತ್ತೆಂದೂ, ಗುತ್ತಗೆದಾರರು ಕೇಳಿದಷ್ಟನ್ನು ತೆರದೆ ಯಾರೂ ಒಳಹೊಗಲಾರರೆಂದೂ ಪೋರ್ಚುಗೀಸ್ ವರ್ತಕನಾದ ನೂನಿಜನು ಬರೆದಿಟ್ಟಿದ್ದಾನೆ. ಗುತ್ತಗೆಯ ಹಣವು ಮೇಲಿನಿಂದ ಏರಿದಂತೆಲ್ಲ ಅದನ್ನು ತೆರುವವನು ಕೆಳಗಿನವನೆಂಬ ಸಂಗತಿಯನ್ನು ಈ ಪರದೇಶಿಯು ಬಾಗಿಲಿನಲ್ಲಿಯೇ ಕಂಡುಕೊಂಡನು.

ಇನ್ನು ಮೈಸೂರಿನ ‘ಶರತ್ತು’ ಪದ್ಧತಿಯ ಮಾತು. ಇದರ ಮೂಲವು ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿಯೇ ಇತ್ತಾದರೂ ಇದು ಬೆಳೆದು ಬಲಿತದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣವನ್ನು ಎತ್ತಿ ಸರ್ಕಾರಕ್ಕೆ ಸಲ್ಲಿಸುವೆನೆಂದು ಮುಚ್ಚಳಿಕೆ ಬರೆದುಕೊಡುತ್ತಿದ್ದನು. ವಸೂಲಿ ಕಡಮೆಯಾದರೆ ಕೈಯಿಂದ ತುಂಬಬೇಕು, ಹೆಚ್ಚಾದರೆ ಹೆಚ್ಚಳವನ್ನೂ ಒಪ್ಪಿಸಬೇಕು. ಮುಚ್ಚಳಿಕೆಯ ಮೊತ್ತವು ಸಾಮಾನ್ಯವಾಗಿ ಹಿಂದಿನ ವರ್ಷದ್ದಕ್ಕಿಂತ ಮೇಲಾಗಿರುತ್ತಿತ್ತು. ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆ ಹಾಕುವುದಿಲ್ಲ, ಸರ್ಕಾರದ ಪಾಲಿನ ಧಾನ್ಯವನ್ನು ಅವರ ತಲೆಗೆ ಕಟ್ಟುವುದಿಲ್ಲ ಎಂಬ ವಾಕ್ಯಗಳೂ ಅದರಲ್ಲಿರುತ್ತಿದ್ದವು; ಅವು ಬರೆಯುವುದಕ್ಕಾಗಿ ಬರೆದ ವಾಕ್ಯಗಳಾಗಿದ್ದವೆಂದರೆ ಸಾಕು. ಹುದ್ದೆಯೇ ಸವಾಲಿಗೆ ಬಿದ್ದ ವಸ್ತುವಾಯಿತು. ತಾಲ್ಲೂಕು ಒಬ್ಬನ ಕೈಯಲ್ಲಿರುವಾಗಲೇ ಮತ್ತೊಬ್ಬನು ಹುಜೂರಿನಲ್ಲಿ ಹೆಚ್ಚು ಹಣದ ಆಸೆ ತೋರಿಸಿದರೆ ಮೊದಲಿನವನ ನೆಲೆ ಅಲುಗಾಡುತ್ತಿತ್ತು. ಹೀಗಿರಲಾಗಿ, ನಾಳೆ ತಾನು ಇರುವೆನೋ ಇಲ್ಲವೋ ಎಂದು ಅಂಜಿದ ಅಮಲ್ದಾರನು ಇಂದೇ ದೋಚಿಕೊಳ್ಳುವುದರಲ್ಲಿ ಆಶ್ಚರ್ಯವೇನು?

ಮದರಾಸಿನ ಗೌರ್ನರ್ ಸರ್ ಥಾಮಸ್ ಮನ್ರೋ 1825ರಲ್ಲಿ ಮೈಸೂರಿಗೆ ಬಂದು ಎಚ್ಚರಿಕೆಯ ಮಾತು ಹೇಳಿ ಹೋದನು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯ ನಿಲ್ಲಿಸಿದರು. ಅದು ದಂಗೆಯಾಗಿ ಹಬ್ಬಿತು. 1831ರ ಅಕ್ಟೋಬರಿನಲ್ಲಿ ಬೆಂಟಿಂಕನು ಸಂಸ್ಥಾನದ ಆಡಳಿತವನ್ನು ಕಂಪೆನಿಯ ಕೈಗೆ ತೆಗೆದುಕೊಂಡನು. ದಂಗೆಯ ಕಾರಣಗಳನ್ನು ವಿಚಾರಿಸಲು ನೇಮಕವಾದ ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಎಂಬ ನಾಲ್ವರ ಸಮಿತಿಯು 1833ರಲ್ಲಿ ವರದಿ ಸಲ್ಲಿಸಿತು. ಶರತ್ತಿನ ವಿಚಾರವಾಗಿ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಈ ವರದಿಯಿಂದ ಬಂದುದು. ರಾಜ್ಯವನ್ನು ವಶಪಡಿಸಿಕೊಂಡವರೇ ವಶಪಡಿಸಿಕೊಂಡುದರ ಕಾರಣವನ್ನು ಬರೆದ ಕಾಗದವಾದ್ದರಿಂದ ಅದನ್ನು ಎಚ್ಚರದಿಂದ ಓದಬೇಕು. ಮಹಾರಾಜರ ವೈಯಕ್ತಿಕ ದೋಷಗಳನ್ನು ಹಿಗ್ಗಿಸುವುದು ಕಂಪೆನಿಗೆ ಅನುಕೂಲವಾಗಿತ್ತು. ಆದರೆ ಶರತ್ತಿನ ಯಂತ್ರವು ಹೇಗೆ ಕೆಲಸ ಮಾಡುತ್ತಿತ್ತೆಂಬ ವಿವರಣೆಯಲ್ಲಿ ಅಂಥ ಉತ್ಪ್ರೇಕ್ಷೆಯ ಅವಶ್ಯಕತೆಯಿರಲಿಲ್ಲ. ಆ ಯಂತ್ರವು ತನ್ನ ಕಥೆಯನ್ನು ತಾನೇ ಹೇಳುತ್ತದೆ. ನಿಗದಿಯಾದ ದಿನವಿಲ್ಲ, ನಿಗದಿಯಾದ ಸ್ಥಳವಿಲ್ಲ. ಸವಾಲು ವರ್ಷವಿಡೀ ತೆರೆದಿತ್ತು, ಮತ್ತು ಅದು ತೆರೆದಿದ್ದುದು ಅರಮನೆಯ ಹಜಾರವನ್ನು ಸೇರಬಲ್ಲವರಿಗೆ ಮಾತ್ರ.

ಕಬ್ಬನ್ನನ ದೀರ್ಘ ಆಡಳಿತದಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದವೆಂದು ಗೆಜೆಟಿಯರು ಹೇಳುತ್ತದೆ. ಭೂಕಂದಾಯವು ಕ್ರಮೇಣ ಗುತ್ತಿಗೆದಾರರ ಹಿಡಿತದಿಂದ ಬಿಡುಗಡೆ ಹೊಂದಿತು. ಆದರೆ ಹೆಂಡ ಸಾರಾಯಿಗಳ ಮಾರಾಟದ ಹಕ್ಕು ಮಾತ್ರ ಹರಾಜಿನಲ್ಲಿಯೇ ಉಳಿಯಿತು. 1881ರಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಮರಳಿದ ಮೇಲೆಯೂ ಹಾಗೆಯೇ ನಡೆಯಿತು; 1901ರ ಮೈಸೂರು ಅಬಕಾರಿ ಕಾಯಿದೆಯೂ ಅದರಡಿಯ ನಿಯಮಗಳೂ ಈ ಹರಾಜಿಗೆ ವಿಧಿವತ್ತಾದ ಚೌಕಟ್ಟನ್ನು ಕೊಟ್ಟವು. ಮಾರಾಟವನ್ನು ಮುಂಚಿತವಾಗಿ ಪ್ರಕಟಿಸಬೇಕು; ಹರಾಜಿನ ಮೂಲಕ ಮಾರಬೇಕು; ಟೆಂಡರಿನ ದಾರಿಯನ್ನು ಹಿಡಿಯುವುದಾದರೆ ಅದನ್ನೂ ಪ್ರಕಟಿಸಿಯೇ ಹಿಡಿಯಬೇಕು. ನಮ್ಮ ಬಯಲುಸೀಮೆಯಲ್ಲಿ ಹಳ್ಳಕೊಳ್ಳದ ಅಂಚಿನ ಈಚಲು ಮರ ಒಂದೊಂದೂ ಈ ಲೆಕ್ಕದಲ್ಲಿ ಸೇರಿತ್ತೆಂಬುದನ್ನು ನೆನೆದರೆ ಅಬಕಾರಿ ಗುತ್ತಿಗೆಯ ವ್ಯಾಪ್ತಿಯು ಅರಿವಾಗುತ್ತದೆ. ಹರಾಜಿನ ದಿನ ಜಿಲ್ಲೆಯ ಹಣವಂತರೆಲ್ಲ ಡೆಪ್ಯುಟಿ ಕಮೀಷನರ ಮುಂದೆ ನೆರೆಯುತ್ತಿದ್ದರು. ಅನ್ಯಾಯವಾಯಿತೆಂದು ಕಂಡವನಿಗೆ ಇದ್ದ ದಾರಿ ಅರ್ಜಿಯೊಂದೇ: ಕೆಳಗಿನ ಅಧಿಕಾರಿಯ ಮೇಲೆ ಮೇಲಿನ ಅಧಿಕಾರಿಗೆ, ಅವನ ಮೇಲೆ ಸರ್ಕಾರಕ್ಕೆ. 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯಲ್ಲಿ ದೂರು ಹೇಳಿಕೊಳ್ಳಬಹುದಾಗಿತ್ತು. ಆದರೆ ಆ ಸಭೆಗೆ ಕೇಳುವ ಕಿವಿಯಿದ್ದಷ್ಟು ಆಜ್ಞೆ ಮಾಡುವ ಬಾಯಿ ಇರಲಿಲ್ಲ. ಮೇಲಿನ ಅಧಿಕಾರಿಯೇ ತಪ್ಪು ಮಾಡಿದಾಗ ಯಾರ ಬಳಿಗೆ ಹೋಗಬೇಕು? 1950ರ ಜನವರಿ 26ರಂದು ಸಂವಿಧಾನವು ಜಾರಿಗೆ ಬಂದು, ಹೈಕೋರ್ಟಿನಿಂದ ರಿಟ್ ಪಡೆಯುವ ಹಕ್ಕು ಪ್ರಜೆಗೆ ದೊರೆಯುವವರೆಗೆ ಈ ಪ್ರಶ್ನೆಗೆ ಉತ್ತರವಿರಲಿಲ್ಲ.

ಅದಾದ ಮೂರೇ ವರ್ಷಗಳಲ್ಲಿ ಉತ್ತರವನ್ನು ಕೇಳುವ ಸಂದರ್ಭ ಬಂತು. ಕಾನೂನು ವರದಿಗಳಲ್ಲಿ ‘ಕೆ. ಎನ್. ಗುರುಸ್ವಾಮಿ ವಿರುದ್ಧ ಮೈಸೂರು ರಾಜ್ಯ’ ಎಂದು ಹೆಸರಾಗಿರುವ ಮೊಕದ್ದಮೆಯು ಇದೇ. 1953-54ನೆಯ ಅಬಕಾರಿ ವರ್ಷದ ಮದ್ಯದ ಗುತ್ತಿಗೆಯನ್ನು ಡೆಪ್ಯುಟಿ ಕಮೀಷನರು ಬಹಿರಂಗ ಹರಾಜಿಗೆ ಇಟ್ಟರು. ಗುರುಸ್ವಾಮಿಯವರ ಸವಾಲೇ ಎಲ್ಲಕ್ಕೂ ಹೆಚ್ಚಿನದಾಗಿ, ವಿಧಿಪೂರ್ವಕವಾದ ಸ್ಥಿರೀಕರಣಕ್ಕೆ ಒಳಪಟ್ಟು, ಗುತ್ತಿಗೆಯು ಅವರ ಹೆಸರಿಗೆ ನಿಂತಿತು. ಅವರ ಪ್ರತಿಸ್ಪರ್ಧಿಯಾದ ಇನ್ನೊಬ್ಬ ಗುತ್ತಿಗೆದಾರನು ಅದೇ ಹರಾಜಿನಲ್ಲಿ ಹಾಜರಿದ್ದನು. ಗುರುಸ್ವಾಮಿಯವರ ಸವಾಲನ್ನು ಮೀರಿಸಲು ಅಲ್ಲಿ ಪ್ರಯತ್ನಿಸಲಿಲ್ಲ. ಹರಾಜು ಮುಗಿದ ಮೇಲೆ ಅವನು ನೆಟ್ಟಗೆ ಅಬಕಾರಿ ಕಮೀಷನರ ಬಳಿಗೆ ಹೋಗಿ, ಹರಾಜಿನ ಮೊತ್ತಕ್ಕಿಂತ ಹೆಚ್ಚಿನ ಮೊತ್ತವನ್ನು ನಮೂದಿಸಿದ ಒಂದು ಟೆಂಡರನ್ನು ಒಪ್ಪಿಸಿದನು. ಟೆಂಡರನ್ನು ಯಾರೂ ಕರೆದಿರಲಿಲ್ಲ. ಆದರೂ ಹರಾಜು ರದ್ದಾಯಿತು, ಟೆಂಡರು ಅಂಗೀಕೃತವಾಯಿತು, ಡೆಪ್ಯುಟಿ ಕಮೀಷನರಿಗೆ ಅದರಂತೆ ನಡೆಯಬೇಕೆಂದು ಮೇಲಿನಿಂದ ಹುಕುಂ ಬಂತು. ಗುರುಸ್ವಾಮಿಯವರಿಗೆ ಸುದ್ದಿಯು ತಿಳಿಯುವ ಹೊತ್ತಿಗೆ ಎಲ್ಲವೂ ಮುಗಿದಿತ್ತು.

ನಡೆದ ಸಂಗತಿಗಳ ಅನುಕ್ರಮವನ್ನು ಸಾವಧಾನವಾಗಿ ಗಮನಿಸಬೇಕು. ಕಾನೂನಿನ ಪ್ರಕಾರ ಹರಾಜಿನ ವ್ಯವಹಾರವು ನಡೆಯಬೇಕಾದದ್ದು ಜಿಲ್ಲೆಯ ಅಧಿಕಾರಿಯ ಮುಂದೆ. ಸವಾಲಿನ ಮೊತ್ತವು ಸಾಲದೆಂದು ತೋರಿದರೆ ಮತ್ತೆ ಹರಾಜು ಹಾಕಬಹುದಾಗಿತ್ತು, ಇಲ್ಲವೆ ಪ್ರಕಟಣೆ ಹೊರಡಿಸಿ ಟೆಂಡರು ಕರೆಯಬಹುದಾಗಿತ್ತು. ಎರಡೂ ಎಲ್ಲರ ಕಣ್ಣೆದುರಿನ ದಾರಿಗಳು. ಗುರುಸ್ವಾಮಿಯವರೂ ಅವುಗಳಲ್ಲಿ ಕಾಲಿಡಬಹುದಾಗಿತ್ತು. ಹಿಡಿದದ್ದು ಈ ಎರಡೂ ಅಲ್ಲದ, ನಿಯಮಗಳಲ್ಲಿ ಎಲ್ಲಿಯೂ ಕಾಣದ, ಆ ಒಂದು ಸಂದರ್ಭಕ್ಕೆಂದೇ ಹುಟ್ಟಿಸಿಕೊಂಡ ದಾರಿ. ಅರಮನೆಯ ಹಜಾರದ ಸ್ಥಾನದಲ್ಲಿ ಕಮೀಷನರ ಕಚೇರಿ ನಿಂತಿತ್ತೆಂಬುದನ್ನು ಬಿಟ್ಟರೆ ಶರತ್ತಿನ ಕಾಲದ ಹಳೆಯ ಕಾಲುಹಾದಿಯೇ ಅದು. ಅಧಿಕಾರಿಗಳು ಲಂಚ ತಿಂದರೆಂದು ಯಾರೂ ಸಾಧಿಸಲಿಲ್ಲ, ಕೋರ್ಟೂ ಹಾಗೆ ಸೂಚಿಸಲಿಲ್ಲ. ಕಮೀಷನರು ಬೊಕ್ಕಸದ ಹಿತವನ್ನೇ ಎಣಿಸಿದ್ದಿರಬಹುದು. ಈ ಮೊಕದ್ದಮೆಯ ಮಹತ್ವವಿರುವುದೇ ಇಲ್ಲಿ. ದುಷ್ಟನಾದ ಅಧಿಕಾರಿಯನ್ನು ಖಂಡಿಸುವುದಕ್ಕೆ ಹೊಸ ಸಿದ್ಧಾಂತವೇನೂ ಬೇಡ. ಸದುದ್ದೇಶದ ಅಧಿಕಾರಿಯೂ ಹೀಗೆ ಮಾಡಬಾರದೆಂದು ಹೇಳುವುದಕ್ಕೆ ಬೇಕು.

ಮೈಸೂರು ಹೈಕೋರ್ಟು ಗುರುಸ್ವಾಮಿಯವರ ಅರ್ಜಿಯನ್ನು ವಜಾ ಮಾಡಿತು. ಅವರು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿದರು. 1954ರ ಮೇ 20ರಂದು ತೀರ್ಪು ಹೊರಬಿತ್ತು. ಅದನ್ನು ಬರೆದವರು ನ್ಯಾಯಮೂರ್ತಿ ವಿವಿಯನ್ ಬೋಸ್. ಅವರ ಇಂಗ್ಲಿಷ್ ಬರಹಕ್ಕೆ ನೇರವಾದ ಮಾತಿನ ಬಿಗಿಯಿದೆ. ತೀರ್ಪು ಉದ್ದವಾದದ್ದೇನೂ ಅಲ್ಲ. ಅದರಲ್ಲಿ ಮೂರು ವಿಚಾರಗಳು ಹೆಣೆದುಕೊಂಡಿವೆ.

ಹರಾಜಿನಲ್ಲಿ ಗೆದ್ದವನಿಗೆ ಗುತ್ತಿಗೆಯು ದಕ್ಕಿಯೇಬಿಟ್ಟಿತೆಂದು ಕೋರ್ಟು ಹೇಳಲಿಲ್ಲ. ಸ್ಥಿರೀಕರಣ ಇನ್ನೂ ಆಗಬೇಕಾಗಿತ್ತು. ಕೋರ್ಟು ಎತ್ತಿಹಿಡಿದದ್ದು ಇನ್ನೊಂದು ಹಕ್ಕನ್ನು. ಇಂಥ ಗುತ್ತಿಗೆಗಳಲ್ಲಿ ಆಸಕ್ತಿಯುಳ್ಳವನಿಗೆ, ರಾಜ್ಯದ ಕಾನೂನಿನ ಅಡಿಯಲ್ಲಿ, ಮತ್ತೊಬ್ಬನಿಗೆ ಸಿಕ್ಕುವಷ್ಟೇ ಅವಕಾಶವೂ ಮತ್ತೊಬ್ಬನಿಗೆ ಸಲ್ಲುವ ರೀತಿಯ ವ್ಯವಹಾರವೂ ಸಲ್ಲಬೇಕು. ಗೆಲ್ಲುವ ಹಕ್ಕು ಬೇರೆ, ಸ್ಪರ್ಧಿಸುವ ಹಕ್ಕು ಬೇರೆ ಎಂಬ ಈ ವಿವೇಚನೆಯೇ ಮುಂದಿನ ಅರ್ಧ ಶತಮಾನದ ಗುತ್ತಿಗೆ ಕಾನೂನಿಗೆ ತಳಹದಿಯಾಯಿತು. ಹೆಂಡದ ಗುತ್ತಿಗೆದಾರನೊಬ್ಬನ ಜಗಳದಿಂದ ಇಷ್ಟು ದೊಡ್ಡ ತತ್ತ್ವ ಹೊರಟಿತಲ್ಲಾ ಎಂದು ಮೂಗೆಳೆಯುವವರು ಉಂಟು. ಕಾನೂನಿನ ಇತಿಹಾಸದಲ್ಲಿ ತತ್ತ್ವಗಳು ಬಹುಮಟ್ಟಿಗೆ ಇಂಥ ಕಡೆಗಳಿಂದಲೇ ಹೊರಟಿವೆ.

ಎರಡನೆಯದು ಬೊಕ್ಕಸದ ಲಾಭದ ವಿಚಾರ. ಹೆಚ್ಚಿನ ಹಣ ಬಂತಲ್ಲಾ ಎಂಬ ವಾದವನ್ನು ನ್ಯಾಯಮೂರ್ತಿಗಳು ಅದರದೇ ನೆಲದಲ್ಲಿ ಎದುರಿಸಿದರು. ಇಷ್ಟು ಹಟದಿಂದ ದೆಹಲಿಯವರೆಗೆ ಮೊಕದ್ದಮೆ ನಡೆಸಿದ ಮನುಷ್ಯನು, ಎದುರಾಳಿಯು ಹರಾಜಿನಲ್ಲಿಯೇ ತನ್ನನ್ನು ಮೀರಿಸಿದ್ದರೆ, ಸುಮ್ಮನಿರುತ್ತಿದ್ದನೆ? ತನ್ನ ಸವಾಲನ್ನು ಏರಿಸುತ್ತಿದ್ದನೆಂಬುದು ಸ್ಪಷ್ಟ. ಆದಕಾರಣ ಮರೆಯಲ್ಲಿ ನಡೆದ ವ್ಯವಹಾರದಿಂದ ರಾಜ್ಯಕ್ಕೆ ನಷ್ಟವೇ ಆಗಿರಬೇಕು. ಈ ತರ್ಕವನ್ನು ಲೆಕ್ಕದಲ್ಲಿ ಇಟ್ಟು ನೋಡಬಹುದು. ಕೇವಲ ಉದಾಹರಣೆಗಾಗಿ, ಹರಾಜು ನೂರು ರೂಪಾಯಿಗೆ ನಿಂತಿತೆನ್ನೋಣ. ಮರುದಿನ ಒಬ್ಬನು ನೂರೈದು ಕೊಡುವೆನೆನ್ನುತ್ತಾನೆ. ಮೊದಲನೆಯವನು ನೂರಿಪ್ಪತ್ತರವರೆಗೆ ಏರಲು ಸಿದ್ಧನಾಗಿದ್ದನೆಂದರೆ ಅಧಿಕಾರಿಯ ಕಣ್ಣಿಗೆ ಬೀಳುವ ಐದು ರೂಪಾಯಿಗಳ ಲಾಭದ ಹಿಂದೆ ಹದಿನೈದು ರೂಪಾಯಿಗಳ ನಷ್ಟವು ಅಡಗಿರುತ್ತದೆ. ತಡವಾಗಿ ಬಂದವನು ತನ್ನ ಶಕ್ತಿಯಷ್ಟನ್ನು ಕೊಡುವುದಿಲ್ಲ. ಹಿಂದಿನವನ ಮೊತ್ತವನ್ನು ತಿಳಿದುಕೊಂಡು ಅದರ ಮೇಲೆ ಒಂದು ಹಿಡಿ ಹಾಕುತ್ತಾನೆ, ಅಷ್ಟೆ. ಇದಕ್ಕಿಂತಲೂ ಹೆಚ್ಚಿನ ಹಾನಿಯೊಂದುಂಟು. ಮುಂದಿನ ವರ್ಷ ಹರಾಜಿಗೆ ಬರುವವರೆಲ್ಲ ಈ ಪಾಠವನ್ನು ಕಲಿತೇ ಬರುತ್ತಾರೆ. ಹರಾಜಿನಲ್ಲಿ ಬಾಯಿ ಬಿಡುವುದು ದಡ್ಡತನವೆಂದೂ ನಿಜವಾದ ಸವಾಲು ಹರಾಜು ಮುಗಿದ ಮೇಲೆ ಮೊದಲಾಗುವುದೆಂದೂ ಅವರಿಗೆ ಗೊತ್ತಾದ ಮೇಲೆ ಹರಾಜು ಹರಾಜಾಗಿ ಉಳಿಯುವುದಿಲ್ಲ.

ಮೂರನೆಯದಾಗಿ, ಪಕ್ಷಪಾತ, ಸ್ವಜನಪ್ರೀತಿ, ಲಂಚಗಳಿಗೆ ಬಾಗಿಲು ಮುಚ್ಚುವುದಕ್ಕಾಗಿಯೇ ಶಾಸನಸಭೆಯು ಬಹಿರಂಗ ವಿಧಾನವನ್ನು ಗೊತ್ತುಮಾಡಿದೆ. ಇಲ್ಲಿ ಅವು ನಡೆಯದಿದ್ದರೂ ಇಂಥ ಕ್ರಮವನ್ನು ಒಪ್ಪಿಕೊಂಡರೆ ಬಾಗಿಲು ತೆರೆದಂತಾಗುತ್ತದೆಂದು ಕೋರ್ಟು ಹೇಳಿತು.

ಹೀಗೆ ವಾದದ ಪ್ರತಿಯೊಂದು ಅಂಶದಲ್ಲಿಯೂ ಗುರುಸ್ವಾಮಿಯವರಿಗೆ ಜಯವಾಯಿತು. ಆದರೆ ಗುತ್ತಿಗೆಯು ಸಿಕ್ಕಲಿಲ್ಲ. ಅಬಕಾರಿ ವರ್ಷವು ಜೂನ್ ತಿಂಗಳ ಮೊದಲ ಭಾಗದಲ್ಲಿ ಕೊನೆಗೊಳ್ಳುವುದಾಗಿತ್ತು. ತೀರ್ಪಿನ ದಿನಕ್ಕೆ ಗುತ್ತಿಗೆಯ ಅವಧಿಯಲ್ಲಿ ಉಳಿದಿದ್ದುದು ಬರಿಯ ಹದಿನೈದು ದಿನ. ಬೇಗ ವಿಚಾರಣೆಯಾಗಲೆಂದು ಅವರು ಮಾಡಬಹುದಾದುದನ್ನೆಲ್ಲ ಮಾಡಿದ್ದರೆಂಬುದನ್ನು ಕೋರ್ಟು ಒಪ್ಪಿಕೊಂಡಿತು. ಆದರೂ ಫಲವಿಲ್ಲದ ರಿಟ್ ಹೊರಡಿಸುವುದು ತನ್ನ ಪದ್ಧತಿಯಲ್ಲವೆಂದು ಹೇಳಿ ಮೇಲ್ಮನವಿಯನ್ನು ವಜಾ ಮಾಡಿತು. ವಾಸ್ತವವಾಗಿ ಗೆದ್ದವರಾದ್ದರಿಂದ ಎರಡೂ ಕೋರ್ಟುಗಳ ಖರ್ಚನ್ನು ಮೈಸೂರು ರಾಜ್ಯವೂ ಎದುರುಪಕ್ಷದ ಗುತ್ತಿಗೆದಾರನೂ ಅವರಿಗೆ ಕೊಡಬೇಕೆಂದು ಆಜ್ಞೆಯಾಯಿತು. ಅತ್ತ ಆ ಗುತ್ತಿಗೆದಾರನ ವರ್ಷವೂ ವ್ಯಾಪಾರವೂ ಮುಗಿಯುತ್ತ ಬಂದಿದ್ದವು. ತಡವಾಗಿ ಬಂದ ಸವಾಲು ಫಲ ಕೊಟ್ಟಿತು. ತಡವಾಗಿ ಬಂದ ನ್ಯಾಯವು ಕೊಡಲಿಲ್ಲ. ಮೊಕದ್ದಮೆಗೆ ಬೇಕಾಗುವ ಕಾಲವು ಗುತ್ತಿಗೆಯ ಕಾಲಕ್ಕಿಂತ ಉದ್ದವಾಗಿರುವವರೆಗೆ ಕ್ರಮ ತಪ್ಪಿ ಗೆದ್ದವನಿಗೆ ಅಪಾಯವು ಅಲ್ಪವೆಂಬ ಸಂಗತಿಯನ್ನು, ತೀರ್ಪಿನ ತತ್ತ್ವವನ್ನು ಕೊಂಡಾಡುವವರು ಸಾಮಾನ್ಯವಾಗಿ ಹೇಳದೆ ಬಿಡುತ್ತಾರೆ.

ಇದು ಒಂದು ಬಾರಿಯ ಮಾತಾಗಿರಲಿಲ್ಲ. 1979ರಲ್ಲಿ ರಮಣ ದಯಾರಾಮ ಶೆಟ್ಟಿ ಮೊಕದ್ದಮೆಯಲ್ಲಿ, ಮುಂಬಯಿ ವಿಮಾನನಿಲ್ದಾಣದ ಉಪಾಹಾರಗೃಹದ ಗುತ್ತಿಗೆಯನ್ನು ಟೆಂಡರು ಪ್ರಕಟಣೆಯಲ್ಲಿ ಹೇಳಿದ್ದ ಅರ್ಹತೆಯಿಲ್ಲದವನಿಗೆ ಕೊಟ್ಟದ್ದು ತಪ್ಪೆಂದು ಸುಪ್ರೀಂ ಕೋರ್ಟು ವಿಸ್ತಾರವಾಗಿ ಪ್ರತಿಪಾದಿಸಿತು. ತಾನು ಹಾಕಿಕೊಂಡ ನಿಯಮಕ್ಕೆ ಸರ್ಕಾರವು ತಾನೂ ಬದ್ಧವೆಂಬ ಮಾತು ಅಂದಿನಿಂದ ನಾಣ್ಣುಡಿಯಂತಾಯಿತು. ಆದರೆ ಅರ್ಜಿದಾರನು ತಡಮಾಡಿ ಬಂದನೆಂದೂ, ಅಷ್ಟರಲ್ಲಿ ಗುತ್ತಿಗೆದಾರನು ಹಣ ತೊಡಗಿಸಿದ್ದನೆಂದೂ ಹೇಳಿ ಪರಿಹಾರವನ್ನು ಮಾತ್ರ ಕೊಡಲಿಲ್ಲ. ಅದಕ್ಕೂ ಹಿಂದೆ, 1969ರಲ್ಲಿ, ಒರಿಸ್ಸಾ ಸರ್ಕಾರವು ಬೀಡಿ ಎಲೆಯ ವ್ಯಾಪಾರದಲ್ಲಿ ತನ್ನ ಹಳೆಯ ಗುತ್ತಿಗೆದಾರರನ್ನಷ್ಟೇ ಕರೆದು ಬೇರೆಯವರಿಗೆ ಬಾಗಿಲು ಹಾಕಿದ್ದನ್ನು ಅದೇ ಕೋರ್ಟು ರದ್ದು ಮಾಡಿತ್ತು.

1953ರ ಮೈಸೂರಿನ ಘಟನೆಗೆ ತದ್ರೂಪವೆನ್ನಬಹುದಾದದ್ದು ಹರಿಯಾಣದಲ್ಲಿ ನಡೆಯಿತು. ಅದರ ಕೊನೆಯು ಮಾತ್ರ ಬೇರೆ. ಅಲ್ಲಿ ಉಪಖನಿಜದ ಗಣಿಯೊಂದರ ಹರಾಜು ಮುಗಿದ ಮೇಲೆ ಸ್ಪರ್ಧಿಯೊಬ್ಬನು ಹೆಚ್ಚಿನ ಮೊತ್ತದ ಕಾಗದವನ್ನು ಹಿಡಿದು ಈ ಬಾರಿ ಕಮೀಷನರ ಬಳಿಗಲ್ಲ, ಮುಖ್ಯಮಂತ್ರಿಗಳ ಬಳಿಗೇ ಹೋದನು. ಗುತ್ತಿಗೆಯು ಅವನಿಗೆ ದೊರೆಯಿತು. ರಾಮ್ ಅಂಡ್ ಶ್ಯಾಮ್ ಕಂಪೆನಿಯ ಆ ಮೊಕದ್ದಮೆಯಲ್ಲಿ, 1985ರಲ್ಲಿ, ನ್ಯಾಯಮೂರ್ತಿಗಳು ಉಭಯರಿಗೂ ನ್ಯಾಯಾಲಯದಲ್ಲಿಯೇ ಸವಾಲು ಕೂಗಲು ಹೇಳಿದರು. ಮುಖ್ಯಮಂತ್ರಿಗಳ ಕೋಣೆಯಲ್ಲಿ ವರ್ಷಕ್ಕೆ ನಾಲ್ಕೂವರೆ ಲಕ್ಷ ರೂಪಾಯಿಗಳಿಗೆ ಒಪ್ಪಿತವಾಗಿದ್ದ ಹಕ್ಕು ನ್ಯಾಯಾಲಯದ ಬಯಲಿನಲ್ಲಿ 25 ಲಕ್ಷಕ್ಕೆ ಏರಿತು. ಬೋಸರು 1954ರಲ್ಲಿ ಊಹೆಯಿಂದ ಹೇಳಿದ್ದ ನಷ್ಟವು ಮೂವತ್ತೊಂದು ವರ್ಷಗಳ ತರುವಾಯ ಅಂಕಿಗಳಲ್ಲಿ ಸಿದ್ಧವಾಯಿತು. ನ್ಯಾಯಾಲಯವು ಹರಾಜಿನ ಕಟ್ಟೆಯಾಗುವುದು ಎಲ್ಲರಿಗೂ ರುಚಿಸಲಾರದು. ಆದರೆ ಮರೆಯ ಸವಾಲಿನ ಬೆಲೆಯೆಷ್ಟೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಪ್ರಯೋಗವನ್ನು ನಾನು ಕಂಡಿಲ್ಲ.

ಕರ್ನಾಟಕದಲ್ಲಿ ಮದ್ಯದ ಹರಾಜು ಆ ಬಳಿಕವೂ ಬಹುಕಾಲ ನಡೆಯಿತು. 1965ರ ಅಬಕಾರಿ ಕಾಯಿದೆಯೂ 1969ರ ಚಿಲ್ಲರೆ ಮಾರಾಟದ ಗುತ್ತಿಗೆ ನಿಯಮಗಳೂ ಹಳೆಯ ಮೈಸೂರು ಕಾಯಿದೆಯ ಸ್ಥಾನದಲ್ಲಿ ಬಂದವು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಗುವುದರೊಂದಿಗೆ ಸಾರಾಯಿ ಹರಾಜಿನ ಸಂಭ್ರಮವೂ ಮುಗಿಯಿತು. ಅಷ್ಟರಲ್ಲಿ ಸರ್ಕಾರದ ಗುತ್ತಿಗೆಗಳ ಸ್ವರೂಪವೇ ಬದಲಾಗಿತ್ತು. ಮಾರುವ ಸರ್ಕಾರಕ್ಕಿಂತ ಕೊಳ್ಳುವ, ಕಟ್ಟಿಸುವ ಸರ್ಕಾರವು ದೊಡ್ಡದಾಗಿತ್ತು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಬಾಶೆಟ್ಟಿಹಳ್ಳಿಯನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ದೊಡ್ಡಬಳ್ಳಾಪುರವು 1687ರಲ್ಲಿ ಮೊಗಲರು ಏರ್ಪಡಿಸಿದ ಸಿರಾ ಸುಬೆಯ ಏಳು ಪರಗಣೆಗಳಲ್ಲಿ ಒಂದಾಗಿದ್ದು, ಅದರ ಸುತ್ತಣ ಹಳ್ಳಿಗಳಿಗೆ ಜಾಗೀರು, ಇಜಾರೆ, ಅಮಾನಿ ಮೊದಲಾದ ವಸೂಲಿಯ ಪದ್ಧತಿಗಳೆಲ್ಲದರ ಅನುಭವವೂ ಉಂಟು. ಅಂಥ ಹಳ್ಳಿಗಳಲ್ಲಿ ಒಂದಾದ ಬಾಶೆಟ್ಟಿಹಳ್ಳಿಯು ಈಗ ಕೈಗಾರಿಕಾ ಪ್ರದೇಶವಾಗಿ ಬೆಳೆದು, ಗ್ರಾಮಪಂಚಾಯಿತಿಯ ಆಡಳಿತದಿಂದ ಪಟ್ಟಣ ಪಂಚಾಯಿತಿಯ ಆಡಳಿತಕ್ಕೆ ಏರಿದೆ. ಇಂಥ ಊರಿನಲ್ಲಿ ಚರಂಡಿ, ರಸ್ತೆ, ಕುಡಿಯುವ ನೀರಿನ ಕೊಳವೆ, ಬೀದಿದೀಪ, ಕಸದ ಸಾಗಾಟ ಎಲ್ಲವೂ ಟೆಂಡರಿನ ವಿಷಯ. ಅಂದಿನ ಗುತ್ತಿಗೆಯಲ್ಲಿ ಮೋಸಹೋದವನು ಇನ್ನೊಬ್ಬ ಗುತ್ತಿಗೆದಾರನಾಗಿದ್ದನು. ಚರಂಡಿಯ ಗುತ್ತಿಗೆಯಲ್ಲಿ ಮೋಸಹೋಗುವವನು ಮಳೆಗಾಲದಲ್ಲಿ ಆ ಬೀದಿಯಲ್ಲಿ ನಡೆಯುವವನು.

ಈ ಬಗೆಯ ವ್ಯವಹಾರಕ್ಕೆಂದು ರಾಜ್ಯದ ಶಾಸನಸಭೆಯು 1999ರಲ್ಲಿ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಕಾಯಿದೆಯನ್ನು ರಚಿಸಿತು. ತಮಿಳುನಾಡು ಹಿಂದಿನ ವರ್ಷವೇ ಇಂಥದನ್ನು ಮಾಡಿತ್ತು. ಗುರುಸ್ವಾಮಿ ಮೊಕದ್ದಮೆಯ ತತ್ತ್ವವು ಈ ಕಾಯಿದೆಯಲ್ಲಿ ಪ್ರಕರಣಗಳಾಗಿ ಒಡೆದು ನಿಂತಿರುವುದನ್ನು ಕಾಣಬಹುದು. ಪ್ರಕಟಣೆಯು ಟೆಂಡರು ಬುಲೆಟಿನ್ನಿನಲ್ಲಿಯೇ ಬರಬೇಕು. ಓದುಗರಿಲ್ಲದ ಪತ್ರಿಕೆಯ ಮೂಲೆಯಲ್ಲಿ ಅಚ್ಚು ಹಾಕಿಸಿ ಪ್ರಕಟಿಸಿದ್ದೇವೆಂದು ಹೇಳುವ ಹಳೆಯ ಉಪಾಯಕ್ಕೆ ಇದು ತಡೆ. 2000ದ ನಿಯಮಗಳು ರೂಪುಗೊಂಡಾಗ ಎರಡು ಕೋಟಿ ರೂಪಾಯಿಗಳವರೆಗಿನ ಟೆಂಡರಿಗೆ 30 ದಿನ, ಅದಕ್ಕೆ ಮೇಲ್ಪಟ್ಟುದಕ್ಕೆ 60 ದಿನಗಳ ಕನಿಷ್ಠ ಕಾಲಾವಕಾಶವನ್ನು ಗೊತ್ತುಮಾಡಲಾಯಿತು. ಗಡುವು ಮೀರಿ ಬರುವವನನ್ನು ತಡೆಯುವಷ್ಟೇ, ಯಾರೂ ಬರಲಾರದಷ್ಟು ಗಿಡ್ಡನಾದ ಗಡುವನ್ನು ಕೊಡುವವನನ್ನು ತಡೆಯುವುದೂ ಅಗತ್ಯವೆಂದು ನಿಯಮ ಬರೆದವರು ಅರಿತಿದ್ದರು. ಅನ್ಯಾಯವಾಯಿತೆನ್ನುವ ಟೆಂಡರುದಾರನಿಗೆ 16ನೆಯ ಪ್ರಕರಣದಲ್ಲಿ ಮೇಲ್ಮನವಿಯ ಹಕ್ಕು ದೊರೆಯಿತು. ಕೇಂದ್ರದಲ್ಲಿ 1998ರ ನವೆಂಬರಿನ ಜಾಗೃತ ಆಯೋಗದ ಸುತ್ತೋಲೆಯು ಟೆಂಡರು ತೆರೆದ ಮೇಲಿನ ಮಾತುಕತೆಗಳನ್ನು, ಅತಿ ಕಡಮೆ ದರ ಹೇಳಿದವನೊಡನೆ ಹೊರತು, ನಿಷೇಧಿಸಿತ್ತು. 2017ರ ಸಾಮಾನ್ಯ ಹಣಕಾಸು ನಿಯಮಗಳೂ ತಡವಾಗಿ ಬಂದ ಟೆಂಡರನ್ನು ಪರಿಗಣಿಸಕೂಡದೆನ್ನುತ್ತವೆ.

2007ರಿಂದ ಕರ್ನಾಟಕದಲ್ಲಿ ಟೆಂಡರುಗಳು ಗಣಕಯಂತ್ರದ ಜಾಲದ ಮೂಲಕ ನಡೆಯತೊಡಗಿದ ಮೇಲೆ ಮುಚ್ಚಿದ ಲಕೋಟೆ, ಅರಗಿನ ಮೊಹರು, ಕಚೇರಿಯ ಟೆಂಡರು ಪೆಟ್ಟಿಗೆ ಇವುಗಳ ಕಾಲ ಸರಿಯಿತು. ಪೆಟ್ಟಿಗೆಯ ಸುತ್ತ ಜನರನ್ನು ನಿಲ್ಲಿಸಿ ಎದುರಾಳಿಯು ಹತ್ತಿರ ಬಾರದಂತೆ ಮಾಡುವ ಬಲಪ್ರಯೋಗಕ್ಕೂ ಎಡೆ ತಪ್ಪಿತು. ಯಂತ್ರದ ಗಡಿಯಾರವು ದಾಕ್ಷಿಣ್ಯವನ್ನು ಅರಿಯದು; ಹೊತ್ತು ಮೀರಿದೊಡನೆ ಬಾಗಿಲು ತಾನಾಗಿ ಮುಚ್ಚುತ್ತದೆ. ಹೀಗಾದ್ದರಿಂದ ಗಡುವು ಮೀರಿದ ಸವಾಲೆಂಬುದು ಅದರ ಹಳೆಯ ರೂಪದಲ್ಲಿ ಕಾಣಸಿಗುವುದು ದುರ್ಲಭ. ಅಧಿಕಾರಿಯ ವಿವೇಚನೆಯು ಈಗ ಬೇರೆ ತಾಣಗಳನ್ನು ಹಿಡಿದಿದೆ. ಗಡುವನ್ನೇ ತಿದ್ದುಪಡಿಯ ಪ್ರಕಟಣೆಯಿಂದ ಮುಂದಕ್ಕೆ ಹಾಕುವುದು ಒಂದು. ಅರ್ಹತೆಯ ಷರತ್ತುಗಳನ್ನು ಒಬ್ಬನ ಅಳತೆಗೆ ಹೊಲಿಯುವುದು ಇನ್ನೊಂದು. ಮೂರನೆಯದು ಕಾಯಿದೆಯ 4(ಜಿ) ಖಂಡ. ಸರ್ಕಾರವು ಅಧಿಸೂಚನೆಯ ಮೂಲಕ ಒಂದು ನಿರ್ದಿಷ್ಟ ಸಂಗ್ರಹಣೆಯನ್ನು ಟೆಂಡರಿನ ಕಟ್ಟಿನಿಂದಲೇ ಹೊರಗಿಡಬಹುದೆಂದು ಅದು ಹೇಳುತ್ತದೆ. ಅಂಥ ವಿನಾಯಿತಿಯಿಲ್ಲದೆ ಪ್ರವಾಹ, ಸಾಂಕ್ರಾಮಿಕ ಮೊದಲಾದ ತುರ್ತುಗಳಲ್ಲಿ ಆಡಳಿತವು ಸಾಗದೆಂಬುದು ನಿಜ. 1953ರಲ್ಲಿ ಕಮೀಷನರು ನಿಯಮದಲ್ಲಿಲ್ಲದ ದಾರಿಯನ್ನು ಹಿಡಿದರೆಂದು ಕೋರ್ಟು ಆಕ್ಷೇಪಿಸಿತು. 4(ಜಿ) ಅಡಿಯಲ್ಲಿ ನಡೆಯುವುದು ನಿಯಮದಲ್ಲಿಯೇ ಇರುವ ದಾರಿ. ಇದರಿಂದ ಆಕ್ಷೇಪಿಸಬೇಕಾದವನ ಕೆಲಸವು ಗುರುಸ್ವಾಮಿಯವರ ಕೆಲಸಕ್ಕಿಂತ ಕಠಿನವಾಗಿದೆ. ಟೆಂಡರೇ ಇಲ್ಲದ ಕಡೆ ತಾನು ಸ್ಪರ್ಧಿಸಬಹುದಾಗಿತ್ತೆಂದು ತೋರಿಸುವುದಕ್ಕೆ ಅವನ ಕೈಯಲ್ಲಿ ಅಧಿಸೂಚನೆಯ ಪ್ರತಿಯೊಂದರ ಹೊರತು ಬೇರೆ ಕಾಗದವಿರುವುದಿಲ್ಲ. ಅದೂ ಸಾಮಾನ್ಯವಾಗಿ ಕೆಲಸವು ಆರಂಭವಾದ ಮೇಲೆಯೇ ಅವನ ಕೈ ಸೇರುತ್ತದೆ.